ಹೇಳಿ ಬರೆಸಿದ ಮುಖ

ಆಗ ನಮ್ಮ ಸುರಪುರದಲ್ಲಿ ಸತ್ತವರ ಮುಖ ಬೇಕೆಂದರೆ ಬಾಯಿ ಬಿಟ್ಟು ಹೇಳಬೇಕಾಗುತ್ತಿತ್ತು. ಪೆಟ್ಟಿಗೆ ತೆರೆದು ಹುಡುಕಿದರೆ ಸಿಗುವ ವಸ್ತುವಾಗಿರಲಿಲ್ಲ ಅದು. ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ನಮ್ಮ ಕಡೆ ಬೆಳೆದವರಿಗೆ ಪಡಸಾಲೆಯ ಗೋಡೆಯ ಮೇಲಿನ, ಹಾಗೆ ಹೇಳಿ ಬರೆಸಿದ ಒಂದೆರಡು ಚಿತ್ರಗಳು ನೆನಪಿರಬಹುದು. ಬಂಗಾರದ ರೇಕಿನ ಅಂಚು, ಕೆಂಪು ನೆಲ, ನಡುವೆ ರುಮಾಲು ಸುತ್ತಿದ ಒಬ್ಬ ಅಜ್ಜ. ಆ ಅಜ್ಜನನ್ನು ಬರೆದವನು ಅಜ್ಜನನ್ನು ಕಂಡೇ ಇರುತ್ತಿರಲಿಲ್ಲ.

ಬರೆಯುತ್ತಿದ್ದವನು ಮೋನಪ್ಪ. ದೇವರ ಚಿತ್ರ ಬರೆಯುವ ಮನೆತನದವನು. ಬಣ್ಣದ ಕಲ್ಲು ತಾನೇ ಅರೆಯುತ್ತಿದ್ದ, ಅಳಿಲಿನ ಬಾಲದ ಕೂದಲಿನಿಂದ ಕುಂಚ ಕಟ್ಟುತ್ತಿದ್ದ. ಯಾರಾದರೂ ತೀರಿಕೊಂಡರೆ ತಿಂಗಳೊಪ್ಪತ್ತು ಬಿಟ್ಟು ಅವನಿಗೆ ಹೇಳಿಕಳಿಸುತ್ತಿದ್ದರು. ಬಂದವನು ಕಂಬಕ್ಕೆ ಒರಗಿ ಕೂತು, ಮೂರು ನಾಲ್ಕು ಮಧ್ಯಾಹ್ನ ಬರೀ ಕೇಳುತ್ತಿದ್ದ. ಮನೆಯಲ್ಲಿದ್ದ ಪ್ರತಿಯೊಬ್ಬರೂ ಒಂದೊಂದು ಹೇಳಲೇಬೇಕು. ಒಬ್ಬರು ಉಳಿದರೂ ಕುಂಚ ಮುಟ್ಟುವುದಿಲ್ಲ. ಹೊಗಳುವಂತೆಯೂ ಇರಲಿಲ್ಲ. "ಚಂದ ಇದ್ದ, ಚಂದ್ರಾಮನಂಗ ಇದ್ದ ಅನಬ್ಯಾಡ್ರಿ. ಏನ್ ಮಾಡ್ತಿದ್ದ ಅದನ್ನ ಹೇಳ್ರಿ," ಎನ್ನುತ್ತಿದ್ದ.

ನಾನು ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು. ಬಸ್ಸು ಹತ್ತಿದ ಮೇಲೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇಳಿದು ಮನೆಗೆ ಓಡಿದ್ದೂ ಉಂಟು. ಆರಿತ್ತು. ಯಾವಾಗಲೂ ಆರಿರುತ್ತದೆ. ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ, ಮರುದಿನ ಮತ್ತೆ ಇಳಿದು ಓಡುತ್ತೇನೆ. ಈ ರೋಗ ನನಗೆ ಹತ್ತಿದ್ದು ಒಂಬತ್ತನೆಯ ವಯಸ್ಸಿನಲ್ಲಿ, ಒಂದು ಮಳೆಗಾಲದಲ್ಲಿ.

ಅಪ್ಪನದು ಬಜಾರದಲ್ಲಿ ಬೆಲ್ಲ, ಬೇಳೆಯ ಅಂಗಡಿ. ಮನೆಯಲ್ಲಿ ಅವ್ವ, ಅಪ್ಪನ ತಾಯಿ ಆಯಿ, ಅಪ್ಪನ ತಮ್ಮ ಕಾಕಾ, ನಾನು, ನಾಲ್ಕು ವರ್ಷದ ತಮ್ಮ ಶಿವು. ಶಿವು ನಡೆಯಬಲ್ಲವನಾಗಿದ್ದರೂ ನಡೆಯುತ್ತಿರಲಿಲ್ಲ, ನಾನಿದ್ದೆನಲ್ಲ. ಅವನನ್ನು ಹೊತ್ತು ಹೊತ್ತು ನನ್ನ ಎಡಗಡೆಯ ಸೊಂಟ ಇವತ್ತಿಗೂ ಸ್ವಲ್ಪ ಓರೆಯಾಗಿದೆ ಎಂದು ನಾನು ನಂಬಿದ್ದೇನೆ. ಡಾಕ್ಟರು ನಂಬುವುದಿಲ್ಲ. ನಾವು ಹುಡುಗಿಯರು ಐದು ಹರಳು ಹಾರಿಸಿ ಹಿಡಿಯುವ ಆಣಿಕಲ್ಲು ಆಡಲು ಕೂತರೆ ಶಿವು ಅದರಲ್ಲಿ ಒಂದು ಕಲ್ಲನ್ನು ಬಾಯಲ್ಲಿಟ್ಟುಕೊಂಡು, ಉಬ್ಬಿದ ಗಲ್ಲದೊಡನೆ, ತನಗೇನೂ ಗೊತ್ತಿಲ್ಲದವನಂತೆ ಆಕಾಶ ನೋಡುತ್ತಿದ್ದ.

ಆ ಬೇಸಿಗೆಯಲ್ಲಿ ಕಾಕಾನ ಮದುವೆ. ಕಾಕಾ ಗುಲಬರ್ಗಾದಲ್ಲಿ ಉರ್ದು ಶಾಲೆ ಓದಿ ಬಂದವನು, ಜೇಬಿನಲ್ಲಿ ಪೆನ್ನು ಇಡುವವನು. ಮದುವೆಗೆ ಫೋಟೋ ಆಗಲೇಬೇಕೆಂದು ಹಟ ಹಿಡಿದ. ಯಾದಗಿರಿ ಸ್ಟೇಷನ್ ಹತ್ತಿರ ಆಗಷ್ಟೇ ಒಬ್ಬ ಫೋಟೋದವನು ಅಂಗಡಿ ಇಟ್ಟಿದ್ದ. ಆಯಿಯದು ಒಂದೇ ಮಾತು: ಮಂದಿಯ ಮುಖ ಹೀರುವ ಪೆಟ್ಟಿಗೆ ತನ್ನ ಅಂಗಳದಲ್ಲಿ ಬೇಡ, ಅದರ ಮುಂದೆ ನಿಂತರೆ ಆಯುಷ್ಯ ಕಡಿಮೆಯಾಗುತ್ತದೆ.

"ಅದು ಬೆಳಕಿನ ಕೆಲಸ, ಯವ್ವಾ," ಎಂದ ಕಾಕಾ. "ಬಿಸಲಾಗ ನಿಂತರ ನೆಳ್ಳು ಬೀಳೂದಿಲ್ಲೇನು? ಹಂಗ."

"ನೆಳ್ಳು ನನ್ನ ಕಾಲಾಗ ಇರ್ತದಪ. ಇದನ್ನ ಅಂವ ಯಾದಗಿರಿಗಿ ಒಯ್ತಾನ."

ಕೊನೆಗೆ ರಾಜಿಯಾಯಿತು. ದೊಡ್ಡವರು ನಿಲ್ಲಬಹುದು, ಮಕ್ಕಳು ಮಾತ್ರ ಪೆಟ್ಟಿಗೆಯ ಕಣ್ಣಿಗೆ ಬೀಳಕೂಡದು.

ಲಡಾಯಿಯ ಕಾಲ, ಎರಡನೆಯ ಮಹಾಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಏರು ಬಂದರೆ ಜನ ಇಳಿದು ನೂಕಬೇಕು. ಆ ಬಸ್ಸಿನಲ್ಲಿ ಮೂರು ಕಾಲಿನ ಪೆಟ್ಟಿಗೆ ಹೊತ್ತು ಫೋಟೋದವನು ಬಂದ. ಅಂಗಳದ ತುಂಬ ಹೂರಣದ, ಕಾಸಿದ ತುಪ್ಪದ, ಬಾಡುತ್ತಿದ್ದ ಮಲ್ಲಿಗೆಯ ವಾಸನೆ. ಎಲ್ಲರನ್ನೂ ಸಾಲಾಗಿ ಕೂರಿಸಿ, ಅಲುಗಾಡಬೇಡಿ ಎಂದು ಹೇಳಿ, ಕರಿ ಬಟ್ಟೆಯೊಳಗೆ ತಲೆ ಹಾಕಿದ. ನಾನು ಶಿವುನನ್ನು ಹೊತ್ತು ಜೋಳದ ಚೀಲಗಳ ಹಿಂದೆ ನಿಂತಿದ್ದೆ. ನನಗೆ ಹೊಸ ಪರಕಾರ ಹೊಲಿಸಿದ್ದರು, ಅಂಚಿಗೆ ಹಳದಿ ಪಟ್ಟಿ. ಅದನ್ನು ಯಾದಗಿರಿಯವರು ನೋಡದೆ ಹೋದರೆ ಹೇಗೆ ಎಂಬ ಚಿಂತೆ ನನ್ನದು. ಶಿವು ಕೇಳಿರಲಿಲ್ಲ, ಆಸೆ ನನ್ನದೇ. ಓಡಿಹೋಗಿ ಸಾಲಿನ ತುದಿಯಲ್ಲಿ ನಿಂತೆ, ಅವನನ್ನು ಪಕ್ಕದಲ್ಲಿಳಿಸಿ ಕೈ ಹಿಡಿದುಕೊಂಡೆ. ಯಾರೂ ಅಲುಗಾಡುವಂತಿರಲಿಲ್ಲವಾದ್ದರಿಂದ ನಮ್ಮನ್ನು ತಿರುಗಿ ನೋಡುವಂತೆಯೂ ಇರಲಿಲ್ಲ. ಕರಿ ಬಟ್ಟೆ ಎತ್ತುವ ಹೊತ್ತಿಗೆ ಇಬ್ಬರೂ ಚೀಲಗಳ ಹಿಂದೆ ಇದ್ದೆವು. ಲಡಾಯಿಯಿಂದಾಗಿ ಕಾಗದ ಸಿಗುತ್ತಿಲ್ಲ, ಫೋಟೋ ಬರಲು ಮೂರು ತಿಂಗಳಾದರೂ ಬೇಕು ಎಂದು ಹೇಳಿ ಅವನು ಹೋದ.

ಮಳೆ ಹಿಡಿದ ಮೇಲೆ ಶಿವುಗೆ ಜ್ವರ ಬಂತು. ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಸೊಂಟ ಖಾಲಿಯಾಯಿತು.

ಫೋಟೋದ ಸುದ್ದಿ ಯಾರೂ ಎತ್ತಲಿಲ್ಲ, ನಾವು ಸಾಲಿನಲ್ಲಿ ನಿಂತದ್ದು ಯಾರಿಗೂ ಗೊತ್ತಿರಲಿಲ್ಲವಲ್ಲ. ನನಗೆ ಗೊತ್ತಿತ್ತು. ಪೆಟ್ಟಿಗೆ ಒಬ್ಬೊಬ್ಬರಿಂದ ಎಷ್ಟು ಆಯುಷ್ಯ ತೆಗೆಯುತ್ತದೆ ಎಂದು ಕೂತು ಲೆಕ್ಕ ಹಾಕಿದೆ. ಎಲ್ಲರಿಂದಲೂ ಸಮನಾಗಿ ತೆಗೆದಿರಬೇಕು. ದೊಡ್ಡವರ ಆಯುಷ್ಯ ದೊಡ್ಡದು, ಉಳಿದುಕೊಂಡರು. ಶಿವುನದು ಚಿಕ್ಕದು, ಅಷ್ಟಕ್ಕೇ ಮುಗಿಯಿತು. ಅವ್ವ ಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಾಗಿಲ ನಾಯಿಗೆ ಹೋಗತೊಡಗಿತು. ನಾನು ಸೊರಗಿದೆ, ನಾಯಿ ದುಂಡಗಾಯಿತು. ಬೀದಿಯಲ್ಲಿ ಇದ್ದಿಲಿನ ಹೊಗೆಯ ವಾಸನೆ ಬಂದ ಕೂಡಲೇ ಮೂಲೆಯವರೆಗೆ ಓಡುತ್ತಿದ್ದೆ. ಇವತ್ತು ಬಂದೇ ಬಿಟ್ಟಿತು ಫೋಟೋ, ಸಾಲಿನ ತುದಿಯಲ್ಲಿ ನಾವಿಬ್ಬರೂ ಸಿಕ್ಕಿಬೀಳುತ್ತೇವೆ ಎಂದು ಬಸ್ಸಿನಿಂದ ಇಳಿದವರ ಕೈಗಳನ್ನೇ ನೋಡುತ್ತಿದ್ದೆ.

ಅವ್ವ ಮಾತು ಬಿಟ್ಟಿದ್ದಳು. ಅವಳ ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು. ಅದರ ಸದ್ದಿನಿಂದಲೇ ಅವಳು ಅಡಿಗೆಮನೆಯಲ್ಲಿದ್ದಾಳೋ ಹಿತ್ತಲಲ್ಲಿದ್ದಾಳೋ ತಿಳಿಯುತ್ತಿತ್ತು. ಆ ತಿಂಗಳು ನಮ್ಮ ಮನೆಯಲ್ಲಿ ಅದೊಂದೇ ಸದ್ದು. ಆಯಿ ಇದನ್ನು ನೋಡಲಾರದೆ ಮೋನಪ್ಪನಿಗೆ ಹೇಳಿಕಳಿಸಿದಳು.

ಮೊದಲ ದಿನ ಆಯಿ ಹೇಳಿದಳು, ಕಾಕಾ ಹೇಳಿದ. ಕಾಕಾನ ಹೆಂಡತಿ ಇನ್ನೂ ತವರಿನಲ್ಲೇ ಇದ್ದಳು. ಬಳೆ ತೊಡಿಸುವ ಖಾಜಾಬಿ ಬಾಗಿಲಿಗೆ ಬಂದವಳು ತಾನೂ ಕೂತಳು. ಹುಡುಗಿಯರ ನಡುವೆ ಶಿವು ಕೈ ನೀಡಿ ಒಂದು ಹಸಿರು ಬಳೆ ತೊಡಿಸಿಕೊಂಡು ದಿನವಿಡೀ ತಿರುಗಿದ್ದನ್ನು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೆಯ ದಿನ ಅಪ್ಪನ ಸರದಿ. ಅಪ್ಪ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ.

"ನನಗ ಗೊತ್ತಿಲ್ಲ ಮೋನಪ್ಪ. ಅಂವ ಏಳೂದರಾಗ ನಾ ಅಂಗಡಿಗಿ ಹೋಗ್ತಿದ್ದೆ, ಬರೂದರಾಗ ಮಕ್ಕೊಂಡಿರ್ತಿದ್ದ. ಹೊಚ್ಚಿದ್ದು ಒದ್ದು ಮಕ್ಕೊಂತಿದ್ದ. ನಾ ನೋಡಿದ್ದು ಅವನ ಅಂಗಾಲಷ್ಟ."

"ಅದನ್ನ ಹೇಳ್ರಿ," ಎಂದ ಮೋನಪ್ಪ. ಅಪ್ಪ ಅಂಗಾಲನ್ನೇ ಹೇಳಿದ. ಹೆಬ್ಬೆರಳು ಹೇಗೆ ಒಳಗೆ ಬಾಗಿತ್ತು, ಹಿಮ್ಮಡದಲ್ಲಿ ಎಲ್ಲಿ ಮಣ್ಣು ಉಳಿದಿರುತ್ತಿತ್ತು, ಎಲ್ಲ. ಅಪ್ಪ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮೂರನೆಯ ದಿನ ನಾನೂ ಅವ್ವನೂ ಉಳಿದಿದ್ದೆವು. ನೆನಪಿಲ್ಲ ಎಂದೆ. ಮೋನಪ್ಪ ಬಿಡಲಿಲ್ಲ.

"ಎತ್ತಿಕೊಂಡಾಕಿನ ನೀನು. ನಿನಗ ನೆನಪಿಲ್ಲಂದ್ರ ಯಾರಿಗಿ ಇರ್ತದವ್ವ?"

ಹೊರಗೆ ಜಿಟಿಜಿಟಿ ಮಳೆ. ಬಾಯಿಂದ ಅದು ತಾನಾಗಿ ಬಿತ್ತು: "ನಾ ಅವನ್ನ ಫೋಟೋದಾಗ ನಿಲ್ಲಿಸೀನಿ. ನನ್ನಿಂದನ ಹೋಗ್ಯಾನ."

ಆಯಿ ಏನೋ ಅನ್ನಲು ಬಾಯಿ ತೆರೆದಳು. ಆಗ ಅವ್ವ ಒಳಬಾಗಿಲಿಂದ ಹೊರಗೆ ಬಂದಳು. ಬೀಗದ ಕೈಗಳ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಸದ್ದಾಗದಂತೆ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ.

"ಆಗ ಏನಂದ?" ಎಂದು ಕೇಳಿದಳು.

ತಿಂಗಳ ಮೇಲೆ ಅವಳು ಆಡಿದ ಮೊದಲ ಮಾತು. ಹೇಳಿದೆ. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿದ್ದನ್ನು ಕಂಡು ಶಿವುಗೆ ಚಿಂತೆ ಹತ್ತಿತ್ತು. "ಅಂವಗ ಒಳಗ ಕತ್ತಲಾಗೂದಿಲ್ಲೇನು ಅಕ್ಕಾ?" ಎಂದು ಕೇಳಿದ್ದ. ನಾನು ಸುಮ್ಮನಿರು ಎಂದು ಗದರಿಸಿದ್ದೆ. ಅವನು ಕೈ ಬಿಡಿಸಿಕೊಂಡು, ಬಾ ಬಾ, ಹೊರಗೆ ಬಾ ಎಂದು ಆ ಪೆಟ್ಟಿಗೆಯತ್ತ ಕೈ ಬೀಸಿ ಫೋಟೋದವನನ್ನು ಕರೆದಿದ್ದ.

ಅವ್ವ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತಾನೂ ಹೇಳತೊಡಗಿದಳು, ಸಂಜೆಯ ದೀಪ ಹಚ್ಚುವವರೆಗೂ ನಿಲ್ಲಿಸಲಿಲ್ಲ.

ಆಯಿ ನನ್ನನ್ನು ಒಳಗೆ ಕರೆದೊಯ್ದು ರೊಟ್ಟಿ ಮುರಿದು ಬಾಯಿಗಿಟ್ಟಳು. "ಊರಾಗ ಏಳೆಂಟ ಕೂಸಿಗಿ ಬಂದಿತ್ತು ಜ್ವರ. ಅವ್ಯಾವೂ ಪೆಟ್ಟಿಗಿ ಮುಂದ ನಿಂತಿದ್ದಿಲ್ಲ. ತಿನ್ನು," ಎಂದಳು. ಪೆಟ್ಟಿಗೆ ಆಯುಷ್ಯ ಹೀರುತ್ತದೆ ಎಂದು ಅದುವರೆಗೆ ಊರಿಗೆಲ್ಲ ಸಾರಿದವಳು ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಓದಿದ ಕಾಕಾ ಮಾತ್ರ ಅಂದಿನಿಂದ ಹೆದರಿಕೊಂಡ. ಫೋಟೋ ತರಲು ಯಾದಗಿರಿಗೆ ಹೋಗುವುದನ್ನು ಏನಾದರೊಂದು ನೆವ ಹೇಳಿ ಮುಂದೂಡಿದ.

ಚಿತ್ರ ಬಂತು. ಶಿವು ಚಾಪೆಯ ಮೇಲೆ ಕೂತಿದ್ದಾನೆ, ಒಂದು ಕಾಲು ಮಡಚಿ ಅಂಗಾಲು ನಮ್ಮ ಕಡೆಗೆ, ಹೆಬ್ಬೆರಳು ಒಳಗೆ ಬಾಗಿದೆ. ಒಂದು ಗಲ್ಲ ಉಬ್ಬಿದೆ. ಮಣಿಕಟ್ಟಿನಲ್ಲಿ ಹಸಿರು ಬಳೆ. ಆ ಕೈ ಎತ್ತಿ ಕರೆಯುತ್ತಿದ್ದಾನೆ. ಹೋದ ಕೂಸು ಕರೆಯುವ ಚಿತ್ರ ಮನೆಯಲ್ಲಿ ಬೇಡ, ಕೈ ಇಳಿಸಿ ಬರೆ ಎಂದು ಆಯಿ ಗೋಗರೆದಳು. ಅವ್ವ, "ಇರ್ಲಿ," ಎಂದಳು. ಅಷ್ಟೇ. ಇತ್ತು.

ಚಳಿಗಾಲದ ಬನಶಂಕರಿ ಹುಣ್ಣಿಮೆಯ ಹೊತ್ತಿಗೆ ಅಪ್ಪನೇ ಹೋಗಿ ಫೋಟೋ ತಂದ. ಎಲ್ಲರೂ ಕೆತ್ತಿದಂತೆ ಬಂದಿದ್ದರು. ನನ್ನ ಪರಕಾರದ ಪಟ್ಟಿ ಕೂಡ. ನನ್ನ ಪಕ್ಕದಲ್ಲಿ ಮಾತ್ರ ಒಂದು ಬಿಳಿ ಮಬ್ಬು, ಹೊಗೆಯಂಥದ್ದು. ಅದರ ಕೆಳಗೆ ಎರಡು ಪುಟ್ಟ ಪಾದ, ಸ್ಪಷ್ಟವಾಗಿ. ಅಪ್ಪ ಪಾದ ನೋಡಿ ಗುರುತು ಹಿಡಿದ. ಅವ್ವ ಮಬ್ಬಿನ ಮೇಲೆ ಬೆರಳಿಟ್ಟು, "ಕರಿಯಾಕತ್ತಾನ," ಎಂದಳು. ಅವನು ಕೈ ಬೀಸಿ ಕರೆದದ್ದು ನಾನು ಹೆದರಿ ಕಟ್ಟಿದ ಕತೆಯೇನೋ ಎಂದು ಅಷ್ಟು ದಿನ ಕೊರಗಿದ್ದೆ. ಇಲ್ಲ, ಕೈ ಆಡಿದ್ದು ಖರೆ. ಅದಕ್ಕೆ ಸಾಕ್ಷಿ ಹೇಳಿದ್ದು ಆ ಪೆಟ್ಟಿಗೆಯೇ. ಆದ್ದರಿಂದ ಅದನ್ನು ಶಪಿಸಲು ನನಗೆ ಬಾಯಿ ಬರುವುದಿಲ್ಲ. ಮುಂದೆ ನನ್ನ ಮಕ್ಕಳಿಗೂ ಅಂಥದೇ ಜ್ವರ ಬಂತು, ಗುಳಿಗೆ ನುಂಗಿ ಮೂರನೆಯ ದಿನಕ್ಕೆ ಎದ್ದು ರೊಟ್ಟಿ ಕೇಳಿದವು. ಆ ಗುಳಿಗೆ ಆಗ ನಮ್ಮ ಊರಿಗೆ ಬಂದಿದ್ದರೆ ಚಿತ್ರವೇ ಬೇಕಿರಲಿಲ್ಲ.

ಆದರೆ ಸುರಪುರದಲ್ಲೇ ಸ್ಟುಡಿಯೋ ಆದ ಮೇಲೆ ಮೋನಪ್ಪನನ್ನು ಕರೆಯುವವರು ಕಡಿಮೆಯಾದರು. ಕರೆದವರೂ ಫೋಟೋ ಕೈಗಿತ್ತು, ಇದನ್ನೇ ದೊಡ್ಡದು ಮಾಡು ಎನ್ನುತ್ತಿದ್ದರು. ನಾನು ಬಾಣಂತಿತನಕ್ಕೆ ತವರಿಗೆ ಬಂದಾಗ ಅವನು ಆ ಸ್ಟುಡಿಯೋದಲ್ಲೇ ಕೂತು ಫೋಟೋಗಳ ಗಲ್ಲಕ್ಕೆ ಗುಲಾಬಿ ಬಣ್ಣ ಹಚ್ಚುತ್ತಿದ್ದ.

"ಕೆಲಸ ಹಗುರ ಆಗ್ಯಾದವ್ವ," ಎಂದ. "ಮುಖ ತಪ್ಪೂದಿಲ್ಲ. ಆದ್ರ ಯಾರೂ ಕೂಡೂದಿಲ್ಲ. ಕೊಟ್ಟು ಹೋಗ್ತಾರ."

ಅವ್ವ ಹೋದ ವರ್ಷ ತೀರಿಕೊಂಡಳು, ಯಾದಗಿರಿಯಲ್ಲಿ, ಶಿವು ಹೋದ ಮೇಲೆ ಹುಟ್ಟಿದ ತಮ್ಮನ ಮನೆಯಲ್ಲಿ. ಅವಳ ಫೋಟೋಗಳಿಗೆ ಬರವಿರಲಿಲ್ಲ. ಮೊಮ್ಮಕ್ಕಳು ಆಲ್ಬಮ್ಮುಗಳನ್ನು ತಿರುವಿಹಾಕಿ ಹತ್ತು ನಿಮಿಷದಲ್ಲಿ ಒಂದನ್ನು ಆರಿಸಿದರು. ಸಂಜೆಯ ಹೊತ್ತಿಗೆ ಕಟ್ಟು ಹಾಕಿಸಿ ಮಾಲೆ ಹಾಕಿಯಾಯಿತು. ಬಂದವರು ನೋಡಿ, ಥೇಟ್ ಹಂಗೇ ಬಂದಾರ ನೋಡ್ರಿ ಎಂದು ಕೈಮುಗಿದು ಹೋದರು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಯಾರಾದರೂ ಬಂದು ನನ್ನನ್ನು ಕೇಳುತ್ತಾರೆಂದು ಮೂರು ದಿನ ಕಾದೆ, ನನ್ನದೊಂದು ಸಿದ್ಧವಾಗಿತ್ತು. ತಪ್ಪದೆ ಹೇಳಬೇಕೆಂದು ಮನಸ್ಸಿನಲ್ಲಿ ಹತ್ತು ಸಲ ತಿರುವಿಹಾಕಿದ್ದೆ. ಯಾರೂ ಕೇಳಲಿಲ್ಲ. ಮುಖ ಗೋಡೆಯ ಮೇಲೆ ಇತ್ತಲ್ಲ.

ಶಿವುನ ಚಿತ್ರ ಈಗ ನನ್ನ ಟ್ರಂಕಿನಲ್ಲಿದೆ. ಅಂಗಾಲು ಅಪ್ಪನದು, ಬಳೆ ಖಾಜಾಬಿಯದು, ಕೈ ನನ್ನದು ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಟ್ರಂಕಿನ ಬೀಗವನ್ನೂ ಮೂರು ಸಲ ಜಗ್ಗಿ ನೋಡುತ್ತೇನೆ.

ಅವ್ವನ ಫೋಟೋ ಎದೆಯವರೆಗೆ ಮಾತ್ರ ಇದೆ. ಸೊಂಟ ಬಂದಿಲ್ಲ. ಆದ್ದರಿಂದ ಮೋನಪ್ಪ ಬಂದು ಕೂತಿದ್ದರೆ ಅವನಿಗೆ ಹೇಳುತ್ತಿದ್ದುದನ್ನು ಇಲ್ಲಿ ಹೇಳಿಬಿಡುತ್ತೇನೆ: ಮಕ್ಕಳು ಮಾತಾಡುವಾಗ ಅವಳು ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ಸದ್ದಾಗದಂತೆ.