ಬೀಸುವ ಕಲ್ಲಿನ ಮುಂದೆ ರೇಷ್ಮಾ ಆಡಿದ ಮಾತು

ಕೊರೊನಾ ಕಳೆದು ಶಾಲೆಗಳು ಹಳಿಗೆ ಬಂದ ಮೇಲಿನ ಎರಡನೆಯ ವರ್ಷ. ನಾನು ರೋಣ ತಾಲ್ಲೂಕಿನಲ್ಲಿ, ಅಬ್ಬಿಗೇರಿಯಿಂದ ತುಸು ಒಳಗಿರುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಇಟಗಿಯಲ್ಲಿ ಇನ್ನೊಬ್ಬರ ಹೊಲ ಉಳುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದರು. ಅವರ ಮಗಳು ಬಿ.ಎಡ್. ಮಾಡಿ ಮೇಷ್ಟ್ರ ಕುರ್ಚಿಯಲ್ಲಿ ಕೂತಳು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ.

ಆಗ ನಾನು ಕಲಿಸುತ್ತಿದ್ದದ್ದು ಒಂದೇ ಕಥೆಯನ್ನು ಬೇರೆ ಬೇರೆ ಮಾಧ್ಯಮಗಳಲ್ಲಿ ಹೋಲಿಸಿ ನೋಡುವುದನ್ನು. ಮಾಧ್ಯಮ ಎಂದರೆ ಕಥೆ ಹತ್ತಿಕೊಂಡು ಬರುವ ಗಾಡಿ ಎಂದು ಮಕ್ಕಳಿಗೆ ಹೇಳಿದ್ದೆ. ಬಾಯಿಮಾತು ಒಂದು ಗಾಡಿ, ಬರಹ ಒಂದು, ಚಿತ್ರ ಒಂದು, ವಿಡಿಯೋ ಇನ್ನೊಂದು. ಮನೆಯಲ್ಲಿ ಕೇಳಿದ ಕಥೆಯೊಂದನ್ನು ತಂದು ಬರೆಯಬೇಕು, ಚಿತ್ರ ಬಿಡಿಸಬೇಕು, ಅಭಿನಯಿಸಿ ಮನೆಯ ಮೊಬೈಲಿನಲ್ಲಿ ವಿಡಿಯೋ ಮಾಡಬೇಕು. ಗಾಡಿ ಬದಲಾದಾಗ ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು ಎಂದು ಒಂದು ಕೋಷ್ಟಕ ಮಾಡಬೇಕು.

ಗಾದಿ ಹೊಲಿಯುವ ಇಮಾಮಸಾಬರ ಮಗಳು ರೇಷ್ಮಾ ತನ್ನ ಅಜ್ಜಿಯ ಕಥೆ ತಂದಳು. ಮಲತಾಯಿಯ ಕೈಯಲ್ಲಿ ಉಪವಾಸ ಬೀಳುವ ಹುಡುಗಿಯೊಬ್ಬಳು ಬೀಸುವ ಕಲ್ಲಿನ ಮುಂದೆ ಕೂತು ದುಃಖ ತೋಡಿಕೊಳ್ಳುತ್ತಾಳೆ. ಕಲ್ಲು ಅವಳಿಗಾಗಿ ದಿನವೂ ಒಂದು ಹಿಡಿ ಹಿಟ್ಟು ಬಚ್ಚಿಡುತ್ತದೆ. ರೇಷ್ಮಾ ತನ್ನ ಮನೆಯಲ್ಲೇ, ತನ್ನ ಮನೆಯ ಕಲ್ಲಿನ ಮುಂದೆ ಕೂತು ಅದನ್ನು ಅಭಿನಯಿಸಿದಳು. ವಿಡಿಯೋ ತೆಗೆದದ್ದು ಅವಳ ಗೆಳತಿ. ಅಭಿನಯವೆಂದೇ ಅನಿಸದಷ್ಟು ಚೆನ್ನಾಗಿತ್ತು.

ಅಷ್ಟು ಚೆನ್ನಾಗಿದ್ದದ್ದೇ ಮುಳುವಾಯಿತು. ಆ ಗೆಳತಿಯ ಅಣ್ಣ ಮೆಚ್ಚಿಕೊಂಡು ನಡುವಿನ ಒಂದು ತುಣುಕನ್ನಷ್ಟೇ ಕತ್ತರಿಸಿ ತನ್ನ ಸ್ಟೇಟಸ್ಸಿಗೆ ಹಾಕಿದ. ಅದರಲ್ಲಿ ಕಥೆಯ ತಲೆಯೂ ಇಲ್ಲ, ಬಾಲವೂ ಇಲ್ಲ. ಕಣ್ಣೀರು ತುಂಬಿದ ರೇಷ್ಮಾಳ ಮುಖ, ಹಿಂದೆ ಅವಳ ಅಪ್ಪನ ಅರಳೆಯ ಮೂಟೆಗಳು, ಮತ್ತು ಈ ಮಾತು: "ಈ ಮನ್ಯಾಗ ನನಗ ಹೊಟ್ಟಿ ತುಂಬ ರೊಟ್ಟಿ ಇಲ್ಲ. ನಮ್ಮಪ್ಪಗ ಕಣ್ಣದಾವು, ನೋಡಂಗಿಲ್ಲ."

ಸಂಜೆಯೊಳಗೆ ಊರೆಲ್ಲ ತಿರುಗಿತು. ಗಾದಿ ಕೊಡಲು ಜಕ್ಕಲಿಗೆ ಹೋಗಿದ್ದ ಇಮಾಮಸಾಬರನ್ನು ಅಲ್ಲಿಯ ಚಹಾದಂಗಡಿಯಲ್ಲಿ ಒಬ್ಬರು ಕೇಳಿದರಂತೆ, ಮಗಳಿಗೆ ರೊಟ್ಟಿ ಹಾಕುವುದಿಲ್ಲವೇನೋ ಸಾಬ ಎಂದು. ಮರುದಿನ ರೇಷ್ಮಾ ಶಾಲೆಗೆ ಬರಲಿಲ್ಲ. ಅವಳನ್ನು ನರಗುಂದದ ಸೋದರತ್ತೆಯ ಮನೆಗೆ ಕಳಿಸುತ್ತಾರೆ, ಎಂಟನೆಯ ತರಗತಿಗೆ ಹೆಸರು ಹಚ್ಚುವುದಿಲ್ಲ ಎಂಬ ಸುದ್ದಿ ಅವಳ ಗೆಳತಿಯಿಂದ ಬಂತು. ಹೆಡ್‌ಮಾಸ್ತರು ನನ್ನನ್ನು ಕರೆದು, ನಾಲ್ಕು ದಿನ ಸುಮ್ಮನಿರಿ, ಅವರ ಮನೆ ಕಡೆ ಹೋಗಬೇಡಿ ಎಂದರು. ನಾಲ್ಕು ದಿನದಲ್ಲಿ ಹುಡುಗಿ ನರಗುಂದದಲ್ಲಿರುತ್ತಾಳೆ. ಶಾಲೆ ಬಿಟ್ಟ ಕೂಡಲೇ ಹೋದೆ.

ಬಾಗಿಲಲ್ಲೇ ಒಂದು ಚೀಲ ಕಟ್ಟಿಟ್ಟಿತ್ತು. ಇಮಾಮಸಾಬರು ಗಾದಿ ಹೊಲಿಯುತ್ತಿದ್ದವರು ಏಳಲಿಲ್ಲ. ರೇಷ್ಮಾ ಒಳಬಾಗಿಲಿಗೆ ಆತು ನಿಂತಿದ್ದಳು. ಪೂರ್ತಿ ವಿಡಿಯೋ ತೋರಿಸೋಣವೆಂದು ಮೊಬೈಲ್ ತೆಗೆದೆ.

"ಅದನ್ನ ಒಳಗ ಇಡ್ರಿ ಅಕ್ಕೋರ," ಎಂದರು. "ನನ್ನ ಮಗಳ ಬಾಯಾಗ ಆ ಮಾತು ಇಟ್ಟೋರು ಯಾರು? ನೀವ ಬರದು ಕೊಟ್ರಿ ಹೌದಿಲ್ಲೋ?"

ನಾನು ಇಲ್ಲವೆಂದೆ. ಅವರು ನಂಬಲಿಲ್ಲ, ಮಗಳು ಹೇಳಹೋದದ್ದನ್ನೂ ಕೇಳಿಸಿಕೊಂಡಿರಲಿಲ್ಲವಂತೆ. ಅವರ ಕೈಯ ಸೂಜಿ ನಿಂತಿತ್ತು, ಕಣ್ಣು ಕೆಂಪಾಗಿತ್ತು. ಮೂಲೆಯಲ್ಲಿ ಅರಳೆ ಬಿಡಿಸುತ್ತಿದ್ದ ಅಜ್ಜಿ ಹುಸೇನಬಿಗೆ ಮೊಬೈಲಿನಲ್ಲಿ ಏನಿದೆಯೆಂದು ಯಾರೂ ಹೇಳಿರಲಿಲ್ಲ. ಯಾವ ಮಾತದು ಎಂದು ಆಕೆ ನನ್ನನ್ನೇ ಕೇಳಿದಳು. ಹೇಳಿದೆ.

"ಅಯ್ಯ, ಅದು ಕಲ್ಲಿನ ಕಥಿ," ಎಂದು ಆಕೆ ಅರಳೆ ಕೆಳಗಿಟ್ಟು ಅಲ್ಲೇ ಶುರು ಮಾಡಿಬಿಟ್ಟಳು. ಒಂದೂರಾಗ ಒಬ್ಬ ಹುಡುಗಿ ಇದ್ದಳು ಎಂದು ಹೇಳಿ ನಿಲ್ಲಿಸಿದಳು. ನಾನು ಮುಂದಿನದಕ್ಕೆ ಕಾದೆ. ಆಕೆ ಮಗನ ಮುಖ ನೋಡುತ್ತ ಕೂತಳು. ಹೂಂಗುಡುವವರಿಲ್ಲದೆ ನಮ್ಮ ಕಡೆ ಯಾವ ಮುದುಕಿಯೂ ಕಥೆ ಮುಂದುವರಿಸುವುದಿಲ್ಲ.

ಕೊನೆಗೆ ಇಮಾಮಸಾಬರ ಬಾಯಿಂದ, ಅವರಿಗೇ ಗೊತ್ತಾಗದಂತೆ, "ಹೂಂ" ಹೊರಟಿತು.

ಕಥೆ ನಡೆಯಿತು. ಮಲತಾಯಿ ಬಂದಳು, ಹೂಂ. ಬುಟ್ಟಿ ಜೋಳ ಸುರಿದಳು, ಹೂಂ. ಹುಡುಗಿ ಕಲ್ಲಿನ ಮುಂದೆ ಕೂತು ಆ ಮಾತು ಆಡಿದಳು. ಹೂಂ ಬರಲಿಲ್ಲ.

"ಅವ್ವಾ, ಇದು ನಿಂದ?"

"ಮತ್ಯಾರದು? ಇದನ್ನ ಕೇಳಲಾರದ ನೀ ಮಲಗತಿರಲಿಲ್ಲ. ಈಗ ಎಲ್ಲಿಲ್ಲದ ಸಿಟ್ಟು ಬಂತೇನು?"

ಇಮಾಮಸಾಬರು ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. ಆದರೆ ಚೀಲ ಬಿಚ್ಚಲು ಹೇಳಲಿಲ್ಲ. ತಮಗೆ ತಿಳಿಯಿತು, ಊರಿಗೆ ಯಾರು ತಿಳಿಸಬೇಕು ಎಂದು ಕೇಳಿದರು. ರೇಷ್ಮಾ ಬಾಗಿಲಿನಿಂದಲೇ ಮೆಲ್ಲಗೆ ಹೇಳಿದಳು: "ಶನಿವಾರ ಸಾಲ್ಯಾಗ ಎಲ್ಲಾರ ಮುಂದ ನಾನ ಹೇಳತೀನಪ್ಪ. ನೀ ಬಾ."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಶನಿವಾರ ಪಾಲಕರ ಸಭೆ. ಹೆಡ್‌ಮಾಸ್ತರು ಒಪ್ಪಿದ್ದರು, ಏನಾದರೂ ಆದರೆ ಹೊಣೆ ನಿಮ್ಮದೇ ಎಂದೂ ಹೇಳಿದ್ದರು. ಅಂಗಳ ತುಂಬಿತ್ತು, ಅರ್ಧ ಜನ ಆ ವಿಡಿಯೋದ ಹುಡುಗಿಯನ್ನು ನೋಡಲೆಂದೇ ಬಂದವರು. ಇಮಾಮಸಾಬರು ಕಾಣಲಿಲ್ಲ. ರೇಷ್ಮಾ ಎದ್ದು ನಿಂತು, ಒಂದೂರಾಗ ಒಬ್ಬ ಹುಡುಗಿ ಇದ್ದಳು ಎಂದು ನಿಲ್ಲಿಸಿದಳು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಾನೇ ಹೂಂಗುಡಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಕಡೆಯಿಂದ "ಹೂಂ" ಎಂಬ ದನಿ ಬಂತು. ಬಟ್ಟೆಗೆ ಇನ್ನೂ ಅರಳೆ ಅಂಟಿಕೊಂಡಿದ್ದ ಇಮಾಮಸಾಬರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಮಗಳು ಹೇಳುತ್ತಾ ಹೋದಳು, ಅವರು ಹೂಂಗುಡುತ್ತಾ ಹೋದರು. ಆ ಮಾತು ಬಂದಾಗ ಅಂಗಳವೆಲ್ಲ ಅವರ ಮುಖವನ್ನೇ ನೋಡಿತು. ರೇಷ್ಮಾ ಅಲ್ಲಿಗೇ ನಿಲ್ಲಿಸಿದಳು.

"ಹೂಂ," ಎಂದರು ಇಮಾಮಸಾಬರು. "ಮುಂದ ಹೇಳವ್ವ."

ಆ ತುಣುಕು ಆಮೇಲೂ ಕೆಲವು ದಿನ ಮೊಬೈಲುಗಳಲ್ಲಿ ಓಡಾಡಿತು. ರೇಷ್ಮಾ ಮತ್ತೆ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಅವಳು ನರಗುಂದಕ್ಕೆ ಹೋಗಲಿಲ್ಲ. ಈಗ ರೋಣದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಾಳೆ.

ಬಿ.ಎಡ್.ನಲ್ಲಿ ನಾನು ಕಲಿತದ್ದು ಹೇಳುವ ಬಗೆಗಳನ್ನು ಹೋಲಿಸುವುದನ್ನು. ಕಥೆ ಕೇಳುವವರು ಎಲ್ಲಿ ಕೂತಿದ್ದಾರೆ, ಹೂಂಗುಡುವಂಥ ಏನು ಕೆಲಸ ಅವರ ಪಾಲಿಗೆ ಉಳಿದಿದೆ ಎಂದು ಮೊದಲು ವಿಚಾರಿಸಬೇಕೆಂಬುದನ್ನು ಕಲಿಸಿದ್ದು ಈ ನೌಕರಿ. ಈಗ ನನ್ನ ತರಗತಿಯ ಕೋಷ್ಟಕ ಶುರುವಾಗುವುದೇ ಆ ಪ್ರಶ್ನೆಯಿಂದ.