ಸಿಗಡಿ ಸಿಪ್ಪೆ ಸವರಿದ ಯೂರಿಯಾ

ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ಸೋಮವಾರ ಬೆಳ್ಳುಳ್ಳಿಗೂ ರಜೆ. ಅಂಥ ಮನೆಯ ಸೊಸೆಯಾದ ನಾನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಸಿಗಡಿ ಸಿಪ್ಪೆಯ ಬೆನ್ನು ಹತ್ತಿದೆ. ಕರಾವಳಿಯಲ್ಲಿ ತಿಪ್ಪೆಗೆಸೆಯುವ ಈ ಸಿಪ್ಪೆಯನ್ನು ಆಮ್ಲ, ಕ್ಷಾರಗಳಲ್ಲಿ ತೊಳೆದರೆ ಕೈಟೋಸಾನ್ ಎಂಬ ಬಿಳಿ ಪುಡಿ ಸಿಗುತ್ತದೆ. ಅದನ್ನು ಯೂರಿಯಾ ಕಾಳಿಗೆ ತೆಳ್ಳಗೆ ಲೇಪಿಸಿದರೆ, ಗೊಬ್ಬರ ಗದ್ದೆ ನೀರಿನಲ್ಲಿ ಒಮ್ಮೆಗೇ ಕರಗಿಹೋಗದೆ ಪೈರಿಗೆ ನಿಧಾನವಾಗಿ ಸಿಗುತ್ತದೆ. ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಮೊದಲು ಸ್ನಾನ ಮಾಡಿ ಒಳಗೆ ಬಾ ಎಂದರು.

ಪ್ರಯೋಗಕ್ಕೆ ಸಿರುಗುಪ್ಪ ಕಡೆಯ ಕರೂರಿನಲ್ಲಿ ಅಣ್ಣನ ಭತ್ತದ ಗದ್ದೆಯಿತ್ತು. ಒಂದು ಮಡಿಗೆ ನನ್ನ ಗೊಬ್ಬರ, ಪಕ್ಕದ್ದಕ್ಕೆ ಅಂಗಡಿ ಯೂರಿಯಾ. ಅಣ್ಣ ಮರುಮಾತಿಲ್ಲದೆ ಒಪ್ಪಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಚೀಲ ಕೊಟ್ಟು, ನನ್ನ ಮಡಿಗೆ ಬೋರ್ಡು ನೆಟ್ಟು ಬಳ್ಳಾರಿಗೆ ಮರಳಿದೆ.

ಎರಡು ತಿಂಗಳಿಗೆ, ಪ್ರಯೋಗ ನೋಡಿ ವರದಿ ಕೊಡಲು ಕೃಷಿ ಇಲಾಖೆಯ ತಜ್ಞರು ಬಂದರು. ಅವರಲ್ಲಿ ಹಿರಿಯರು ಬೂಟಿಗೆ ಕೆಸರು ತಾಗದಂತೆ ಬದುವಿನ ಮೇಲೆ ನಿಂತು, ಬೋರ್ಡು ಓದಿ, ಆಮೇಲೆ ಪೈರು ನೋಡಿದರು. ಇಲ್ಲಿನ ಹಸಿರೇ ಬೇರೆ ಎಂದರು. ಉಳಿದವರಿಗೂ ಕೂಡಲೇ ಹಾಗೇ ಕಂಡಿತು. ನಿಜ ಹೇಳಬೇಕೆಂದರೆ, ನನಗೂ ಕಂಡಿತು. ನನಗೆ ಶಾಲು ಹೊದಿಸಿ, ಫೋಟೋ ತೆಗೆದು ಹೊರಟರು.

ಅವರ ಕಾರುಗಳು ಸಿರುಗುಪ್ಪ ರಸ್ತೆಗೆ ಇಳಿದ ಮೇಲೆ ಅಣ್ಣ ಕಾಲುವೆಯಲ್ಲಿ ಕಾಲು ತೊಳೆಯುತ್ತ ಮೆಲ್ಲಗೆ ಹೇಳಿದ:

"ತಂಗಿ, ಸಿಟ್ಟಾಗಬ್ಯಾಡ. ನಿನ್ನ ಗೊಬ್ಬರ ನಾ ಹಾಕೇ ಇಲ್ಲ. ಈ ಅಕ್ಕಿ ಮಠದ ದಾಸೋಹಕ್ಕ ಹೋಗತೈತಿ. ಅದರಾಗ ಸಿಗಡಿ ಹೆಂಗ ಬೆರಸಲಿ?"

ಎರಡೂ ಮಡಿಗೆ ಅಂಗಡಿ ಯೂರಿಯಾವೇ ಬಿದ್ದಿತ್ತು. ನನ್ನ ಚೀಲವನ್ನು ಅಣ್ಣ, ಭಾನುವಾರ ಮೀನು ತಿನ್ನುವ ಪಕ್ಕದ ಗದ್ದೆಯವನಿಗೆ ದಾಟಿಸಿದ್ದ. ಹೋಗಿ ಅವನನ್ನೇ ಕೇಳಿದೆ.

"ಎರಡನೇ ಸಲ ಗೊಬ್ಬರ ಹಾಕಾದು ಮರತೇಬಿಟ್ಟೆ ನೋಡ್ರಿ," ಎಂದ. "ಪೈರು ಹಂಗ ಹಸರ ಐತಿ. ಇನ್ನೊಂದು ಚೀಲ ಐತೇನ್ರಿ?"

ಮರುದಿನ ಹಿರಿಯ ತಜ್ಞರಿಗೆ ಫೋನ್ ಮಾಡಿ, ನೀವು ಹೊಗಳಿದ್ದು ಅಂಗಡಿ ಯೂರಿಯಾವನ್ನು ಎಂದೆ. ವರದಿ ಹೋಗಿಯಾಗಿದೆ ಮೇಡಂ, ತತ್ವ ಸರಿ ಇದೆಯಲ್ಲ ಎಂದು ಅವರು ನನ್ನನ್ನೇ ಸಮಾಧಾನಪಡಿಸಿದರು. ವರದಿ ಸುಳ್ಳೆಂದು ಇಲಾಖೆಗೇ ಬರೆದು ಕಳಿಸಿದೆ. ಸ್ವೀಕರಿಸಿದ್ದೇವೆ ಎಂಬ ಒಂದು ಸಾಲಿನ ಉತ್ತರ ಬಂತು.

ಮುಂದಿನ ಹಂಗಾಮಿಗೆ ಪಕ್ಕದವನ ಗದ್ದೆಯಲ್ಲಿ, ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ನಾನೇ ಗೊಬ್ಬರ ಎರಚಿದೆ. ಒಂದೇ ಸಲ ಹಾಕಿದರೂ ತೆನೆ ತುಂಬಿ ಬಂತು. ಆದರೆ ನಾನು ಎರಚುತ್ತಿದ್ದಷ್ಟು ಹೊತ್ತೂ ಅಣ್ಣ ಬದುವಿನ ಮೇಲೆ ಕೂತು, ಅಲ್ಲಿನ ಒಂದು ಹನಿ ನೀರೂ ತನ್ನ ಗದ್ದೆಗೆ ಬರದಂತೆ ಸಂದುಸಂದಿಗೂ ಮಣ್ಣು ಮೆತ್ತುತ್ತಿದ್ದ.