ಸಮುದ್ರದಾಚೆಗೆ ಮುಯ್ಯಾಳು

ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕೂತು ವರದಿ ಬರೆಯುವುದಿಲ್ಲ, ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಶಿರಸಿಯಲ್ಲಿ ಕೂತು ಕೇಳಿ ಟೈಪ್ ಮಾಡುವುದು ನಮ್ಮ ಕೆಲಸವಾಗಿತ್ತು. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಎಂಟು ಹೆಂಗಸರು, ಮೇಲ್ವಿಚಾರಕಿ ನಾನು. ಅಲ್ಲಿನ ಕಂಪನಿಗೆ ನಾವು ಅಗ್ಗ, ನಮಗೆ ಅದು ಅನ್ನ. ಅಗ್ಗವೆಂದು ಬಂದ ಕೆಲಸ ಇನ್ನೂ ಅಗ್ಗದ ಕಡೆಗೆ ಹೋಗಿಯೇ ಹೋಗುತ್ತದೆ ಎಂಬ ಸಾದಾ ಸಂಗತಿ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ನಮ್ಮಲ್ಲಿ ಹೆಗಡೆಕಟ್ಟಾ ಕಡೆಯವಳೊಬ್ಬಳಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದು, ಈ ಸಂಬಳದ ಮೇಲೆ ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ತವರಿನವರು ಆಗಲೇ ಕೈತೊಳೆದುಕೊಂಡಿದ್ದರು. ಕೆಲಸ ಹೋದರೆ ಕೋಣೆ ಹೋಯಿತು, ಕೋಣೆ ಹೋದರೆ ಮತ್ತೆ ಅವನೇ. ಯಾವ ಡಾಕ್ಟರು ಮಾತು ನುಂಗುತ್ತಾರೆ, ಯಾರು ಔಷಧಿಯ ಪ್ರಮಾಣವನ್ನು ಮೊದಲು ತಪ್ಪು ಹೇಳಿ ಆಮೇಲೆ ತಿದ್ದುತ್ತಾರೆ, ಎಲ್ಲವೂ ಅವಳಿಗೆ ಬಾಯಿಪಾಠ. ನಮ್ಮ ಕಚೇರಿಗೆ ಇದ್ದ ಬೆಲೆ ಅದೊಂದೇ.

ಆಗ ಕಂಪನಿ ಫಿಲಿಪೈನ್ಸಿನಲ್ಲಿ ಹೊಸ ತಂಡ ಕಟ್ಟಿತು. ಕೆಲಸ ಹೆಚ್ಚಾಗಿದೆ, ಅವರಿಗೆ ಸ್ವಲ್ಪ ಕಲಿಸಿಕೊಡಿ ಎಂದರು. ನನಗೆ ಖುಷಿಯೋ ಖುಷಿ. ನಮ್ಮೂರುಗಳಲ್ಲಿ ಅಡಿಕೆ ಸುಲಿಯಲು ಮುಯ್ಯಾಳು ಹೋಗುವುದುಂಟು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು, ಕೂಲಿಯಿಲ್ಲ, ಕರಾರಿಲ್ಲ. ಹಬ್ಬದಲ್ಲಿ ನಮ್ಮಲ್ಲಿ ನಾಲ್ವರು ರಜೆ ಹಾಕಿದರೆ ಫಿಲಿಪೈನ್ಸಿನವರು ನಮ್ಮ ಕೆಲಸಕ್ಕೆ ಕೈಹಚ್ಚುತ್ತಾರೆ ಎಂದುಕೊಂಡೆ. ಕಲಿಸಲು ಆ ಹೆಗಡೆಕಟ್ಟಾದವಳನ್ನೇ ಕೂರಿಸಿದೆ.

ಒಂದು ವಾರಕ್ಕೇ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕ, ಎಲ್ಲದೂ ಹೇಳ್ಕೊಡವನಾ? ಸ್ವಲ್ಪ ನಮ್ಮ ಹತ್ರ ಇಟ್ಕಂಬನ."

ನಾನು ಗದರಿದೆ. "ಮುಯ್ಯಾಳಿಗೆ ಹೋದವು ಅರ್ಧ ಸುಲಿದು ಎದ್ದು ಬತ್ವನೇ ಕೂಸೇ? ಹೇಳ್ಕೊಡು. ನಾಳೆ ಅವೂ ನಮ್ಮ ಕೆಲ್ಸಕ್ಕೆ ಬತ್ತ."

ಮೂರು ತಿಂಗಳು ಕಂಪ್ಯೂಟರ್ ಪರದೆಯಲ್ಲಿ ಫಿಲಿಪೈನ್ಸಿನ ಹುಡುಗಿಯರಿಗೆ ತನ್ನ ಪಳಗಿದ ಕಿವಿಯನ್ನೇ ಕೊಟ್ಟಳು. ನಾಲ್ಕನೆಯ ತಿಂಗಳು ಎರಡು ಸಾಲಿನ ಇಮೇಲ್ ಬಂತು. ಇನ್ನು ಎಲ್ಲ ಕೆಲಸವೂ ಅಲ್ಲಿಂದಲೇ, ಶಿರಸಿಯ ಕಚೇರಿ ತಿಂಗಳ ಕೊನೆಗೆ ಬಂದ್. ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಮ್ಯಾನೇಜರು ಸಮಾಧಾನದಿಂದ, ನಿಮ್ಮವರು ಬಹಳ ಚೆನ್ನಾಗಿ ಕಲಿಸಿದ್ದಾರೆ, ಧನ್ಯವಾದ ಎಂದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಸಿದ್ದಾಪುರ, ಯಲ್ಲಾಪುರ ಎಂದು ಅವಳಿಗೊಂದು ಕೆಲಸಕ್ಕಾಗಿ ಅಲೆದೆ. ಅಮೆರಿಕದ ಡಾಕ್ಟರುಗಳ ಮಾತು ಅರ್ಥವಾಗುವ ಹೆಂಗಸು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಬರೀ ಟೈಪಿಂಗ್ ಬಲ್ಲವರು ಬೀದಿಗೊಬ್ಬರಿದ್ದರು.

ಕೊನೆಯ ದಿನ ಮಧ್ಯಾಹ್ನ ಉಳಿದವರೆಲ್ಲ ಹೋಗಿದ್ದರು. ಅವಳು ನನ್ನೆದುರಿಗೇ ನಿಂತು ಗಂಡನಿಗೆ ಫೋನ್ ಹಚ್ಚಿದಳು. ಆಚೆಯಿಂದ ಅವನ ಬೈಗುಳ ನನಗೂ ಕೇಳುತ್ತಿತ್ತು. ಅವಳು ಗೋಡೆ ನೋಡುತ್ತ ಅವನು ಮುಗಿಸುವವರೆಗೆ ಕಾದಳು. ಆಮೇಲೆ ಮೆತ್ತಗೆ ಹೇಳಿದಳು.

"ನಂದೇ ತಪ್ಪಾತು. ಬಂದು ಕರ್ಕಂಡು ಹೋಗಿ."

ಫೋನ್ ಕಸಿದುಕೊಂಡು, ತಪ್ಪು ಅವಳದಲ್ಲ, ನನ್ನದು ಎನ್ನಬೇಕಿತ್ತು. ನಾನು ಕಚೇರಿಯ ಬೀಗ ಹುಡುಕತೊಡಗಿದೆ.